ನವರಂಗದ ಕತ್ತಲೆಯನ್ನು ಪೆನ್ನಿನಲ್ಲಿ ಬರೆಯುವುದು: ಬೆಳಕು–ನೆರಳಿನ ಲೆಕ್ಕ

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪಕ್ಕೆ, ಬಿಸಿಲಿನಿಂದ ನೇರವಾಗಿ ಕಾಲಿಟ್ಟರೆ ಒಂದೆರಡು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕಂಬವೊಂದರ ಮೈಮೇಲಿನ ಸೀಳು ಹೊಳಪು, ಪೂರ್ವದ ಬಾಗಿಲಿನಿಂದ ನೆಲಕ್ಕೆ ಚಾಚಿದ ಬೆಳಕು, ಜಾಲಂಧ್ರದ (ತೂತು ಕೊರೆದ ಕಲ್ಲಿನ ಕಿಟಕಿಯ) ತೂತುಗಳು ಒಂದೊಂದಾಗಿ ಮೂಡುತ್ತವೆ. ದೇವಾಲಯ ಪ್ರತಿಷ್ಠೆಯಾದ 1117ರಲ್ಲಿ ಈ ಮಂಟಪ ತೆರೆದೇ ಇತ್ತು. ಜಾಲಂಧ್ರದ ಗೋಡೆಗಳು ಬಂದದ್ದು ಆಮೇಲೆ, ಎರಡನೆಯ ಬಲ್ಲಾಳನ ಕಾಲದಲ್ಲಿ. ಒಳಗಿನ ಕತ್ತಲೆಗೂ ಸೋಸಿ ಬರುವ ಬೆಳಕಿಗೂ ಆ ಗೋಡೆಗಳೇ ಕಾರಣ. ಪೆನ್ನಿನಲ್ಲಿ ಕತ್ತಲೆ ಬರೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನುಣುಪು ಕಲ್ಲು, ಒರಟು ಕಲ್ಲು, ನೇರ ಬೆಳಕು, ನೆಲದಿಂದ ಮರಳಿದ ಬೆಳಕು, ಕತ್ತಲೆಗೆ ಒತ್ತಿ ನಿಂತ ಇನ್ನೊಂದು ಕತ್ತಲೆ, ಎಲ್ಲವೂ ಒಂದೇ ನೋಟದಲ್ಲಿವೆ. ಈ ಬರಹದ ಅಳತೆಗಳೆಲ್ಲ ಅಂಥದೊಂದು ಚಿತ್ರಕ್ಕೆ, 18 × 25 ಸೆಂ.ಮೀ. ಗಾತ್ರಕ್ಕೆ, ಹೊಂದಿಸಿದವು. ಮಲೆನಾಡಿನ ಮನೆಯ ನಡುಮನೆಗೂ ಹಳೆಯ ಅಡುಗೆಮನೆಗೂ ಕ್ರಮ ಇದೇ.

ಪೆನ್ನಿಗೆ ಬೂದು ಬಣ್ಣ ಗೊತ್ತಿಲ್ಲ. ಇರುವುದು ಮಸಿಯ ಕಪ್ಪು ಮತ್ತು ಕಾಗದದ ಬಿಳಿ, ಅಷ್ಟೇ. ಕನ್ನಡದ ಪತ್ರಿಕೆಗಳು ಲೈನ್ ಬ್ಲಾಕಿನಲ್ಲಿ (ಬರಿಯ ಕಪ್ಪು–ಬಿಳಿ ಮೂಡಿಸುವ ಲೋಹದ ಅಚ್ಚಿನಲ್ಲಿ) ಚಿತ್ರ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕಥೆಗಳಿಗೆ ಚಿತ್ರ ಬರೆಯುತ್ತಿದ್ದವರಿಗೂ ಇದೇ ಕಟ್ಟುಪಾಡಿತ್ತು: ಬೂದು ಬೇಕೆಂದರೆ ಗೆರೆಗಳಿಂದಲೋ ಚುಕ್ಕೆಗಳಿಂದಲೋ ಕಟ್ಟಬೇಕು. ಬಿಟ್ಟ ಬಿಳಿಯ ಮೇಲೆ ಕಪ್ಪನ್ನು ಯಾವಾಗ ಬೇಕಾದರೂ ಹಾಕಬಹುದು, ಹಾಕಿದ ಕಪ್ಪಿನಿಂದ ಬಿಳಿಯನ್ನು ಮರಳಿ ಪಡೆಯಲಾಗುವುದಿಲ್ಲ. ಹಾಗಾಗಿ ಕತ್ತಲೆಯ ಚಿತ್ರದಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಕತ್ತಲೆ ಎಷ್ಟು ಎಂಬುದಲ್ಲ, ಬೆಳಕು ಎಲ್ಲಿ ಎಷ್ಟು ಉಳಿಯಬೇಕು ಎಂಬುದು.

ಪೆನ್ನು, ಮಸಿ, ಕಾಗದ

ಪಿಗ್ಮೆಂಟ್ ಮಸಿಯ ಫೈನ್‌ಲೈನರ್ (ಸಣ್ಣ ತುದಿಯ ಪೆನ್ನು) ಮೂರು ಸಾಕು. ಸಕುರಾ ಕಂಪನಿಯ ಮೈಕ್ರಾನ್ ಪೆನ್ನಿನ ಲೆಕ್ಕದಲ್ಲಿ 005 ಅಂದರೆ 0.20 ಮಿ.ಮೀ., 01 ಅಂದರೆ 0.25 ಮಿ.ಮೀ., 05 ಅಂದರೆ 0.45 ಮಿ.ಮೀ. ಇಡೀ ಚಿತ್ರದ ಮುಖ್ಯ ಕೆಲಸ 01ರಿಂದ. ಹೊಳಪಿನ ಅಂಚು, ದೂರದ ಗೋಡೆ 005ರಿಂದ. ದಟ್ಟ ಕತ್ತಲೆಯ ಕೊನೆಯ ಪದರ 05ರಿಂದ. ಗಟ್ಟಿ ಕಪ್ಪು ತುಂಬಲು ಒಂದು ಬ್ರಷ್ ಪೆನ್ನು, ಅಥವಾ 2ನೇ ನಂಬರಿನ ಬ್ರಷ್ಷು ಮತ್ತು ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು. ನಿಬ್ಬಿನ ಹೋಲ್ಡರ್ ಪಳಗಿದ್ದರೆ ಅದೇ ಉತ್ತಮ. ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗುತ್ತದೆ, ತೆಳುವಾಗುತ್ತದೆ, ಹಾಗಾಗಿ ನಿಬ್ ಬದಲಿಸುವ ಕೆಲಸವೇ ಕಡಿಮೆ. ಆದರೆ ಮಸಿ ಒಣಗಲು ಹತ್ತು ಹದಿನೈದು ನಿಮಿಷ ಕಾಯಬೇಕು, ಅದಕ್ಕೆ ಮುಂಚೆ ಅಡ್ಡಗೆರೆ ಎಳೆದರೆ ಗೆರೆಗಳು ಕೂಡುವ ಕಡೆಯಲ್ಲೆಲ್ಲ ಮಸಿ ಗಂಟು ಕಟ್ಟುತ್ತದೆ. ಜೆಲ್ ಪೆನ್ನು ಈ ಕೆಲಸಕ್ಕೆ ಬೇಡ. ಅದರ ಮಸಿ ಕಾಗದದ ಮೇಲೆಯೇ ಕುಳಿತು ಹೊಳೆಯುತ್ತದೆ, ದೀಪದ ಕೆಳಗೆ ಹಿಡಿದಾಗ ಅತಿ ಕಪ್ಪಾಗಿರಬೇಕಾದ ಜಾಗವೇ ಬೆಳ್ಳಗೆ ಮಿಂಚುತ್ತದೆ.

ಕಾಗದ ನುಣುಪಾಗಿರಬೇಕು, ದಪ್ಪವೂ ಇರಬೇಕು. 250ರಿಂದ 300 ಜಿ.ಎಸ್.ಎಂ.ನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ನುಣುಪು ಬ್ರಿಸ್ಟಲ್ ಡ್ರಾಯಿಂಗ್ ಕಾಗದ ಮೊದಲ ಆಯ್ಕೆ. ಅದು ಸಿಗದಿದ್ದರೆ 200 ಜಿ.ಎಸ್.ಎಂ.ನ ಒಳ್ಳೆಯ ಕಾರ್ಟ್ರಿಡ್ಜ್ ಕಾಗದ ನಡೆಯುತ್ತದೆ. ತೆಳು ಕಾಗದ ನಾಲ್ಕನೆಯ ಪದರದ ಹೊತ್ತಿಗೆ ಬುರುಗು ಏಳುತ್ತದೆ, ಎದ್ದ ನಾರು ಪೆನ್ನಿನ ತುದಿಗೆ ಸಿಕ್ಕಿಕೊಂಡು ಗೆರೆ ಹರಡುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲೂ ಮಲೆನಾಡಿನಲ್ಲೂ ಕಾಗದ ತೇವ ಹೀರುವುದರಿಂದ ಒಳ್ಳೆಯ ಕಾಗದದಲ್ಲೂ ಮಸಿ ಹೂ ಬಿಟ್ಟಂತೆ ಹರಡುವುದುಂಟು. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬರೆಯುವಾಗ ಅಂಗೈ ಕೆಳಗೆ ಒಂದು ದಪ್ಪ ಕಾಗದದ ತುಂಡು ಇರಲಿ. ಬೆವರು ತಾಗಿದ ಜಾಗದಲ್ಲಿ ಮಸಿ ಹಿಡಿಯುವುದಿಲ್ಲ.

ಏಳು ಚೌಕಗಳ ಪಟ್ಟಿ

ಚಿತ್ರಕ್ಕೆ ಕೈ ಹಾಕುವ ಮೊದಲು ಅದೇ ಕಾಗದದ ತುಂಡಿನ ಮೇಲೆ, ಅದೇ ಪೆನ್ನಿನಿಂದ, 2 ಸೆಂ.ಮೀ.ನ ಏಳು ಚೌಕಗಳನ್ನು ಒಂದರ ಪಕ್ಕ ಒಂದು ಬರೆಯಿರಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ, ಮುಂದಿನ ಎಲ್ಲ ತೀರ್ಮಾನಕ್ಕೂ ಇದೇ ಅಳತೆಗೋಲು.

ಒಂದನೆಯ ಚೌಕ ಖಾಲಿ. ಎರಡನೆಯದರಲ್ಲಿ 01 ಪೆನ್ನಿನಿಂದ 1 ಮಿ.ಮೀ.ಗೊಂದು ಗೆರೆ, ಅಂದರೆ ಸೆಂಟಿಮೀಟರಿಗೆ ಹತ್ತು. ಮೂರನೆಯದರಲ್ಲಿ ಅರ್ಧ ಮಿ.ಮೀ.ಗೊಂದು, ಅಂದರೆ ಸೆಂಟಿಮೀಟರಿಗೆ ಇಪ್ಪತ್ತು. ನಾಲ್ಕನೆಯದು ಮೂರನೆಯದರಂತೆಯೇ, ಅದರ ಮೇಲೆ ಇನ್ನೊಂದು ದಿಕ್ಕಿನಲ್ಲಿ ಅಷ್ಟೇ ಒತ್ತಾದ ಎರಡನೆಯ ಪದರ. ಐದಕ್ಕೆ ಮೂರು ಪದರ, ಆರಕ್ಕೆ ನಾಲ್ಕು. ಏಳನೆಯದು ಗಟ್ಟಿ ಕಪ್ಪು.

ಲೆಕ್ಕ ಹಾಕಿ ನೋಡಿ. ಕಾಲು ಮಿ.ಮೀ. ದಪ್ಪದ ಗೆರೆ ಅರ್ಧ ಮಿ.ಮೀ.ಗೊಂದು ಬಿದ್ದರೆ ಕಾಗದದ ಅರ್ಧ ಭಾಗ ಮುಚ್ಚುತ್ತದೆ. ಎರಡನೆಯ ಪದರ ಉಳಿದ ಬಿಳಿಯಲ್ಲಿ ಅರ್ಧವನ್ನು ಮುಚ್ಚುತ್ತದೆ, ಒಟ್ಟು 75 ಶೇಕಡಾ. ಮೂರನೆಯದಕ್ಕೆ 87.5, ನಾಲ್ಕನೆಯದಕ್ಕೆ ಸುಮಾರು 94. ಪ್ರತಿ ಪದರದ ಪರಿಣಾಮ ಹಿಂದಿನದಕ್ಕಿಂತ ಕಡಿಮೆ. ನಾಲ್ಕಾದ ಮೇಲೂ ಇನ್ನೂ ಕಪ್ಪು ಬೇಕೆನಿಸಿದರೆ ಐದನೆಯ ಪದರದಿಂದ ಹೆಚ್ಚು ಸಿಗುವುದಿಲ್ಲ, ದಪ್ಪ ಪೆನ್ನನ್ನೇ ಎತ್ತಿಕೊಳ್ಳಬೇಕು.

ಇನ್ನು ಕಣ್ಣಿನ ವಿಚಾರ. ಅರ್ಧ ಮುಚ್ಚಿದ ಮೂರನೆಯ ಚೌಕ ಕಣ್ಣಿಗೆ ಅರ್ಧ ಕಪ್ಪಾಗಿ ಕಾಣುವುದಿಲ್ಲ, ತಿಳಿ ಬೂದಾಗಿ ಕಾಣುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು 18 ಶೇಕಡಾವನ್ನಷ್ಟೇ ಮರಳಿಸುವ ಮೇಲ್ಮೈಯನ್ನು ನಮ್ಮ ಕಣ್ಣು ಬಿಳಿಗೂ ಕಪ್ಪಿಗೂ ನಟ್ಟನಡುವಿನ ಬೂದು ಎಂದು ಓದುತ್ತದೆ. ಹಾಗಾಗಿ ನಡುಬೂದು ಬೇಕಾದರೆ ಕಾಗದದ ಮುಕ್ಕಾಲು ಭಾಗಕ್ಕೆ ಮಸಿ ಬೀಳಬೇಕು: ಅದು ನಾಲ್ಕನೆಯ ಚೌಕ. ಹೊಸಬರ ಕತ್ತಲೆಯ ಚಿತ್ರಗಳು ಹೊಗೆ ಕವಿದಂತೆ ಮಂಕಾಗಿ ಕಾಣುವುದಕ್ಕೆ ಮುಖ್ಯ ಕಾರಣ ಇದೇ. ಅರ್ಧ ಮುಚ್ಚಿದ ಕೂಡಲೇ ಸಾಕಷ್ಟು ಕಪ್ಪಾಯಿತೆಂದು ನಿಲ್ಲಿಸುತ್ತಾರೆ. ನವರಂಗದ ಚಿತ್ರದಲ್ಲಿ ಹೆಚ್ಚಿನ ಜಾಗ ಐದು ಮತ್ತು ಆರನೆಯ ಚೌಕದ ಮಟ್ಟದಲ್ಲಿ ಇರಬೇಕು.

ಪದರಗಳ ನಡುವಿನ ಕೋನವನ್ನೂ ಇದೇ ಪಟ್ಟಿಯಲ್ಲಿ ಪರೀಕ್ಷಿಸಿ. ಎರಡನೆಯ ಪದರ ಮೊದಲನೆಯದಕ್ಕೆ 10–15 ಡಿಗ್ರಿಯಷ್ಟೇ ಓರೆಯಾಗಿದ್ದರೆ ನೀರಿನಲೆಯಂಥ ಪಟ್ಟೆಗಳು ಮೂಡಿ ಕಣ್ಣು ಕೋರೈಸುತ್ತವೆ. ಸರಿಯಾಗಿ 90 ಡಿಗ್ರಿ ಆದರೆ ಗೋಣಿಚೀಲದ ನೇಯ್ಗೆಯಂತೆ ಕಾಣುತ್ತದೆ, ಕಲ್ಲಿನ ಭಾವ ಸತ್ತುಹೋಗುತ್ತದೆ. 30ರಿಂದ 45 ಡಿಗ್ರಿ ಒಳ್ಳೆಯದು. ಕೋನ ಯಾವುದಾದರೂ ಮುಚ್ಚುವ ಪ್ರಮಾಣ ಬದಲಾಗುವುದಿಲ್ಲ, ಬದಲಾಗುವುದು ಮೈಯ ಗುಣ ಮಾತ್ರ.

ಬೆಳಕನ್ನು ಹಂಚುವುದು

18 × 25 ಅಂದರೆ 450 ಚದರ ಸೆಂ.ಮೀ. ಇಂಥ ಚಿತ್ರದಲ್ಲಿ ಅಪ್ಪಟ ಬಿಳಿ 8 ಶೇಕಡಾ ಇದ್ದರೆ ಧಾರಾಳ. ಅದು 36 ಚದರ ಸೆಂ.ಮೀ., ಅಂದರೆ 6 ಸೆಂ.ಮೀ.ನ ಒಂದು ಚೌಕದಷ್ಟು. ಇಡೀ ಚಿತ್ರಕ್ಕೆ ಅಷ್ಟೇ ಬಿಳಿ. ಅದನ್ನು ಖರ್ಚು ಮಾಡುವ ಮೊದಲು ಯೋಚಿಸಿ: ಬಾಗಿಲು ಮತ್ತು ನೆಲದ ಬೆಳಕಿಗೆ 20, ಜಾಲಂಧ್ರಗಳಿಗೆ 10, ಕಂಬಗಳ ಹೊಳಪಿಗೆಲ್ಲ ಸೇರಿ 6. ಬಿಳಿಯನ್ನು ಸಮನಾಗಿ ಹಂಚಬಾರದು. ಒಂದು ಬೆಳಕು ದೊರೆಯಂತಿರಲಿ, ಉಳಿದವು ಅದರ ಹಿಂದೆ ನಡೆಯಲಿ. ಎರಡು ಬೆಳಕುಗಳು ಒಂದೇ ಗಾತ್ರದಲ್ಲಿ ಎರಡು ಬದಿಗೆ ಬಂದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಇದನ್ನು ನಿರ್ಧರಿಸಲು 5 × 7 ಸೆಂ.ಮೀ.ನ ಪುಟ್ಟ ಕರಡುಗಳನ್ನು ಬ್ರಷ್ ಪೆನ್ನಿನಲ್ಲಿ ಬರೆಯಿರಿ, ನಾಲ್ಕೈದಾದರೂ. ಅದರಲ್ಲಿ ಮೂರೇ ಮಟ್ಟ ಇರಲಿ: ಬಿಳಿ, ಬೂದು, ಕಪ್ಪು. ಬೂದಿಗೆ ಒಂದು ಪದರ ಗೆರೆ ಸಾಕು. ವಿವರ ಬೇಡ, ಕಂಬವೆಂದರೆ ಒಂದು ಕಪ್ಪು ಪಟ್ಟಿ. ಕರಡನ್ನು ಗೋಡೆಗೆ ಆನಿಸಿ ಎರಡು ಮೀಟರ್ ದೂರದಿಂದ ನೋಡಿ. ಬೆಳಕು ಎಲ್ಲಿಂದ ಬಂತು ಎನ್ನುವುದು ತಕ್ಷಣ ತಿಳಿಯದಿದ್ದರೆ ಅದನ್ನು ಬದಿಗಿಟ್ಟು ಇನ್ನೊಂದು ಬರೆಯಿರಿ. ಕರಡಿನಲ್ಲಿ ನಿಲ್ಲದ ಬೆಳಕು ದೊಡ್ಡ ಹಾಳೆಯಲ್ಲಿ ನಿಲ್ಲುವುದಿಲ್ಲ.

ಫೋಟೋ ನೋಡಿ ಬರೆಯುವವರು ಒಂದು ಫೋಟೋವನ್ನು ನೆಚ್ಚಬೇಡಿ. ಮೊಬೈಲಿನಲ್ಲಿ ಜಾಲಂಧ್ರದ ಮೇಲೆ ಬೆರಳೊತ್ತಿ ಒಂದು, ಹತ್ತಿರದ ಕಂಬದ ಕತ್ತಲೆ ಬದಿಯ ಮೇಲೆ ಬೆರಳೊತ್ತಿ ಇನ್ನೊಂದು ತೆಗೆಯಿರಿ. ಮೊದಲನೆಯದು ಬೆಳಕಿನ ಆಕಾರಕ್ಕೆ, ಎರಡನೆಯದು ಕತ್ತಲೊಳಗಿನ ರಚನೆ ತಿಳಿಯುವುದಕ್ಕೆ ಮಾತ್ರ. ಎಚ್‌ಡಿಆರ್ ಆಫ್ ಮಾಡಿ. ಅದು ಕತ್ತಲೆಯನ್ನೆಲ್ಲ ಎತ್ತಿ ನಡುಬೂದಿಗೆ ತರುತ್ತದೆ, ಅದನ್ನು ನೋಡಿ ಬರೆದರೆ ನವರಂಗ ಟ್ಯೂಬ್‌ಲೈಟ್ ಹಾಕಿದ ಹಜಾರದಂತಾಗುತ್ತದೆ. ಎದುರಿಗೇ ಕುಳಿತು ಬರೆಯುವವರು ಕಣ್ಣನ್ನು ಅರೆ ಮುಚ್ಚಿ ನೋಡಬೇಕು. ರೆಪ್ಪೆಯ ನಡುವಿನಿಂದ ನೋಡಿದಾಗ ಯಾವುದು ಒಂದಕ್ಕೊಂದು ಕರಗುತ್ತದೋ ಅದನ್ನು ಚಿತ್ರದಲ್ಲೂ ಕರಗಲು ಬಿಡಬೇಕು.

ಪೆನ್ಸಿಲ್ಲು, ಮೊದಲ ಕಪ್ಪು

ಎಚ್ ಅಥವಾ 2ಎಚ್‌ನಂಥ ಗಟ್ಟಿ ಪೆನ್ಸಿಲ್ಲಿನಿಂದ ಹಗುರವಾಗಿ ರಚನೆ ಹಾಕಿ. ಒತ್ತಿ ಬರೆದರೆ ಕಾಗದದಲ್ಲಿ ತಗ್ಗು ಬೀಳುತ್ತದೆ, ಆಮೇಲೆ ಪೆನ್ನಿನ ಗೆರೆ ಅದರೊಳಗೆ ಜಾರಿ ಕೋನ ಕೆಡುತ್ತದೆ. ವಸ್ತುಗಳ ಗಡಿಯ ಜೊತೆಗೆ ಬೆಳಕಿನ ಗಡಿಯನ್ನೂ ಬರೆಯಿರಿ: ಹೊಳಪಿನ ಪಟ್ಟಿ, ನೆಲದ ಬೆಳಕಿನ ಅಂಚು, ಬೀಳುನೆರಳಿನ ಕೊನೆ. ಬಿಳಿಯಾಗಿ ಉಳಿಯಬೇಕಾದ ಪ್ರತಿ ಜಾಗದ ನಡುವೆ ಒಂದು ಸಣ್ಣ ಗುಣಾಕಾರ ಚಿಹ್ನೆ ಹಾಕಿ. ಎರಡು ಗಂಟೆ ಗೆರೆ ಎಳೆದು ಮೈಮರೆತ ಕೈಯನ್ನು ತಡೆಯುವುದು ಆ ಚಿಹ್ನೆ.

ಪೆನ್ನು ಎತ್ತಿದ ಮೇಲೆ ಮೊದಲ ಕೆಲಸ, ಅತಿ ದೊಡ್ಡ ಬೆಳಕಿನ ಪಕ್ಕದಲ್ಲೇ ಒಂದು ಚದರ ಸೆಂ.ಮೀ.ನಷ್ಟು ಗಟ್ಟಿ ಕಪ್ಪು ತುಂಬುವುದು. ಬಾಗಿಲ ಪಕ್ಕದ ಕಂಬದ ನೆರಳುಬದಿ ಇದಕ್ಕೆ ತಕ್ಕ ಜಾಗ. ಬಿಳಿ ಹಾಳೆಯ ನಡುವೆ ಯಾವ ಬೂದೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಹೋಲಿಸಲು ನಿಜವಾದ ಕಪ್ಪು ಇಲ್ಲದಿದ್ದರೆ ಕೈ ಬೇಗ ನಿಲ್ಲುತ್ತದೆ. ಅತಿ ಬಿಳಿ, ಅತಿ ಕಪ್ಪು ಎರಡೂ ಅಕ್ಕಪಕ್ಕ ಇದ್ದರೆ ಉಳಿದ ಎಲ್ಲ ಮಟ್ಟಗಳನ್ನೂ ಅವುಗಳ ನಡುವೆ ಕೂರಿಸಬಹುದು.

ಪದರ ಪದರವಾಗಿ

ಒಂದು ಮೂಲೆಯನ್ನು ಮುಗಿಸಿ ಇನ್ನೊಂದಕ್ಕೆ ಹೋಗುವುದು ಈ ಚಿತ್ರಕ್ಕೆ ಸಲ್ಲದು. ಮೊದಲ ಪದರದಲ್ಲಿ ಬಿಳಿ ಮತ್ತು ಅದಕ್ಕೆ ತಾಗಿದ ತಿಳಿ ಜಾಗಗಳನ್ನು ಬಿಟ್ಟು ಇಡೀ ಹಾಳೆಗೆ ಅರ್ಧ ಮಿ.ಮೀ.ಗೊಂದು ಗೆರೆ. ತಿಳಿ ಜಾಗಗಳಿಗೆ 1 ಮಿ.ಮೀ.ಗೊಂದು. ಎರಡನೆಯ ಪದರದಲ್ಲಿ ಬೆಳಕು ನೇರವಾಗಿ ತಾಗುವ ನೆಲ, ಕಂಬದ ಬೆಳಕುಬದಿ ಇವನ್ನೂ ಬಿಡಿ. ಮೂರನೆಯದರಲ್ಲಿ ಮರುಬೆಳಕು ತಾಗುವ ಜಾಗಗಳನ್ನು ಬಿಡಿ. ನಾಲ್ಕನೆಯದು ಬೆಳಕೇ ತಲುಪದ ಮೂಲೆ, ಛಾವಣಿಯ ಸಂದು, ಕಂಬಗಳ ಹಿಂದಿನ ಗೋಡೆಗೆ ಮಾತ್ರ. ಹೀಗೆ ಮಾಡಿದರೆ ಯಾವ ಹಂತದಲ್ಲಿ ನಿಲ್ಲಿಸಿದರೂ ಚಿತ್ರ ಸಮತೂಕದಲ್ಲೇ ಇರುತ್ತದೆ.

ಕೆಲಸ ಎಷ್ಟಾಗುತ್ತದೆ ಎಂಬ ಅಂದಾಜಿರಲಿ. ಅರ್ಧ ಮಿ.ಮೀ. ಅಂತರದಲ್ಲಿ ಒಂದು ಚದರ ಸೆಂ.ಮೀ.ಗೆ 20 ಸೆಂ.ಮೀ. ಗೆರೆ ಬೇಕು. 400 ಚದರ ಸೆಂ.ಮೀ.ನ ಮೊದಲ ಪದರವೇ 80 ಮೀಟರ್. ನಾಲ್ಕೂ ಪದರ ಸೇರಿದರೆ 200 ಮೀಟರ್ ದಾಟುತ್ತದೆ. ಒಂದೇ ಕೂರಿಕೆಯಲ್ಲಿ ಮುಗಿಸಲು ಹೋದರೆ ಕೊನೆಯ ಗೆರೆಗಳು ಅವಸರಕ್ಕೆ ಅಲುಗುತ್ತವೆ. ದಿನಕ್ಕೆ ಒಂದು ಪದರ ಸಾಕು.

ಗೆರೆಯ ಉದ್ದ 2–3 ಸೆಂ.ಮೀ. ಇರಲಿ. ಮಣಿಕಟ್ಟು ಆರಾಮವಾಗಿ ತಿರುಗುವುದು ಅಷ್ಟೇ. ದಿಕ್ಕು ಬದಲಿಸಬೇಕಾದಾಗ ಕೈಯನ್ನಲ್ಲ, ಹಾಳೆಯನ್ನು ತಿರುಗಿಸಿ. ಒಂದು ಕಟ್ಟು ಗೆರೆ ಮುಗಿದು ಮುಂದಿನ ಕಟ್ಟು ಶುರುವಾಗುವ ಕಡೆ ತುದಿಗಳು ಒಂದೇ ಸಾಲಿನಲ್ಲಿ ಕೂಡಬಾರದು. ಕೂಡಿದರೆ, ಸ್ವಲ್ಪ ಮೇಲೆ ಹತ್ತಿದಲ್ಲಿ ಕಪ್ಪು ಪಟ್ಟೆ, ಸ್ವಲ್ಪ ಬಿಟ್ಟಲ್ಲಿ ಬಿಳಿ ಬಿರುಕು ಕಾಣುತ್ತದೆ. ಒಂದು ಗೆರೆ ಉದ್ದ, ಒಂದು ಗಿಡ್ಡ ಮಾಡಿ ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಕೂತಂತೆ ಸೇರಿಸಿ.

ಅಂಚಿನ ಗುಟ್ಟು ಗೆರೆ ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿದೆ. ಪೆನ್ನು ಊರಿದ ಕಡೆ ಒಂದು ಸಣ್ಣ ಚುಕ್ಕೆಯಷ್ಟು ಮಸಿ ಹೆಚ್ಚು ಬೀಳುತ್ತದೆ, ಎತ್ತಿದ ಕಡೆ ಗೆರೆ ಸಣ್ಣಗಾಗುತ್ತ ಮುಗಿಯುತ್ತದೆ. ಚೂಪು ಅಂಚು ಬೇಕಾದಲ್ಲಿ ಗೆರೆಯನ್ನು ಅಂಚಿನಿಂದಲೇ ಶುರು ಮಾಡಿ ಕತ್ತಲೆಯ ಕಡೆಗೆ ಎಳೆಯಿರಿ. ಮೆತ್ತನೆಯ ಅಂಚಿಗೆ ಕತ್ತಲೆಯಿಂದ ಶುರು ಮಾಡಿ ಬೆಳಕಿನ ಕಡೆಗೆ ಎಳೆಯುತ್ತ ಪೆನ್ನು ಓಡುತ್ತಿರುವಾಗಲೇ ಎತ್ತಿ. ನಿಲ್ಲಿಸಿ ಎತ್ತಿದರೆ ಅಲ್ಲೂ ಚುಕ್ಕೆ ಬೀಳುತ್ತದೆ.

ಬೆಳಕಿನ ಸುತ್ತ ಅಂಚುಗೆರೆ ಮಾತ್ರ ಹಾಕಲೇಬಾರದು. ಬಾಗಿಲ ಚೌಕಟ್ಟಿಗೆ, ಹೊಳಪಿನ ಪಟ್ಟಿಗೆ, ನೆಲದ ಬೆಳಕಿಗೆ ಸುತ್ತ ಗೆರೆ ಎಳೆದರೆ ಅದು ಬೆಳಕಾಗಿ ಉಳಿಯದೆ ಬಿಳಿ ಕಾಗದದ ತುಂಡು ಅಂಟಿಸಿದಂತೆ ಆಗುತ್ತದೆ. ನೆರಳಿನ ಗೆರೆಗಳ ತುದಿಗಳೇ ಬೆಳಕಿನ ಗಡಿಯಾಗಬೇಕು.

ಕಡೆದ ಕಂಬ

ಹೊಯ್ಸಳರ ತಿರುಗಿಸಿ ಕಡೆದ ಕಂಬ ಪೆನ್ನಿಗೆಂದೇ ಮಾಡಿದಂತಿದೆ. ಬಳಪದ ಕಲ್ಲಿಗೆ ನುಣುಪು ಕೊಟ್ಟಿರುವುದರಿಂದ ಅದರ ಹೊಳಪು ಒರಟು ಕಲ್ಲಿನ ಬೆಳಕಿನಂತೆ ಹರಡಿಕೊಳ್ಳುವುದಿಲ್ಲ. ಕಂಬದ ಮೈಯಲ್ಲಿ ಕಾಣುವ ಬಿಳಿ ಪಟ್ಟಿ ನಿಜಕ್ಕೂ ಬಾಗಿಲಿನ ಅಥವಾ ಜಾಲಂಧ್ರದ ಪ್ರತಿಬಿಂಬ. ಹಾಗಾಗಿ ಅದು ಕಿರಿದು, ಅದರ ಅಂಚು ಚೂಪು. ನೋಡುವವರು ಅರ್ಧ ಹೆಜ್ಜೆ ಸರಿದರೆ ಪಟ್ಟಿಯೂ ಸರಿಯುತ್ತದೆ. ಕುಳಿತ ಜಾಗ ಬದಲಿಸದೆ ಎಲ್ಲ ಕಂಬಗಳ ಹೊಳಪನ್ನೂ ಪೆನ್ಸಿಲ್ಲಿನಲ್ಲಿ ಮೊದಲೇ ಗುರುತು ಮಾಡಿಕೊಳ್ಳಬೇಕಾದದ್ದು ಇದಕ್ಕೇ.

ಚಿತ್ರದಲ್ಲಿ ಕಂಬ 3 ಸೆಂ.ಮೀ. ಅಗಲ, ಬೆಳಕು ಎಡದಿಂದ ಎಂದುಕೊಳ್ಳಿ. ಎಡ ಅಂಚಿನಿಂದ 7–8 ಮಿ.ಮೀ. ಒಳಗೆ ಹೊಳಪು, ಅಗಲ ಒಂದೂವರೆಯಿಂದ ಎರಡು ಮಿ.ಮೀ., ಅದಕ್ಕಿಂತ ಹೆಚ್ಚು ಬೇಡ. ಅದರ ಎರಡೂ ಮಗ್ಗುಲಿಗೆ ನಾಲ್ಕನೆಯ ಚೌಕದ ಬೂದು. ಅತಿ ಕಪ್ಪು ಇರುವುದು ಬಲ ತುದಿಯಲ್ಲಲ್ಲ, ತುದಿಯಿಂದ ಸುಮಾರು 8 ಮಿ.ಮೀ. ಒಳಗೆ. ಬಲ ತುದಿಯ ಕೊನೆಯ 3 ಮಿ.ಮೀ.ಗೆ ನೆಲದಿಂದಲೂ ಪಕ್ಕದ ಕಂಬದಿಂದಲೂ ಮರುಬೆಳಕು ತಾಗುತ್ತದೆ, ಅಲ್ಲಿ ಒಂದು ಮಟ್ಟ ತಿಳಿಯಾಗಲಿ, ಆರರಿಂದ ಐದಕ್ಕೆ. ಮರುಬೆಳಕನ್ನು ಅದಕ್ಕಿಂತ ಏರಿಸಿದರೆ ಕಂಬ ತಗಡಿನ ಕೊಳವೆಯಾಗುತ್ತದೆ. ನೆರಳುಬದಿಯ ಅತಿ ತಿಳಿಯಾದ ಜಾಗವೂ ಬೆಳಕುಬದಿಯ ಬೂದಿಗಿಂತ ಕಪ್ಪಾಗಿಯೇ ಇರಬೇಕು.

ಕಂಬದ ಗೆರೆಗಳು ಕಡೆದ ಬಳೆಗಳ ಜೊತೆ ಸುತ್ತಬೇಕು. ಕಣ್ಣಿನ ಮಟ್ಟಕ್ಕಿಂತ ಮೇಲಿನ ಬಳೆಗಳು ಕಮಾನಿನಂತೆ ಬಾಗುತ್ತವೆ, ಕೆಳಗಿನವು ತೊಟ್ಟಿಲಿನಂತೆ. ಕಣ್ಣಿನ ಮಟ್ಟದಲ್ಲಿ ನೇರ. ಪ್ರತಿ ಗೆರೆಯೂ ಹೊಳಪಿನ ಹತ್ತಿರ ಬಂದಾಗ ಎತ್ತಿ, ಆಚೆ ಬದಿಯಿಂದ ಮತ್ತೆ ಶುರು ಮಾಡಿ. ಹೊಳಪು ಉದ್ದಕ್ಕೂ ಒಂದೇ ಪಟ್ಟಿಯಾಗಿ ಇಳಿಯುವುದಿಲ್ಲ: ಉಬ್ಬಿದ ಬಳೆಯ ಮೇಲೆ ಚುಕ್ಕೆಯಷ್ಟು, ನಡುವಿನ ತಗ್ಗಿನಲ್ಲಿ ಮಾಯ, ಗಂಟೆಯಾಕಾರದ ಭಾಗದಲ್ಲಿ ಉದ್ದಕ್ಕೆ ಬಾಗಿ, ಮತ್ತೆ ತುಂಡು. ಈ ತುಂಡುಗಳೇ ಕಲ್ಲನ್ನು ಹೇಗೆ ಕಡೆದರು ಎಂದು ಹೇಳುತ್ತವೆ, ಕಂಬದ ಬಾಹ್ಯರೇಖೆ ಹೇಳುವುದಕ್ಕಿಂತ ಚೆನ್ನಾಗಿ. ಎಲ್ಲ ತುಂಡುಗಳನ್ನೂ ಅಪ್ಪಟ ಬಿಳಿ ಬಿಡಬೇಡಿ. ಹತ್ತಿರದ ಕಂಬದಲ್ಲಿ ಎರಡೋ ಮೂರೋ ಬಿಳಿ, ಉಳಿದವುಗಳ ಮೇಲೆ 005ರಿಂದ ಒಂದೆರಡು ಗೆರೆ ಓಡಿಸಿ ತಗ್ಗಿಸಿ. ಹಿಂದಿನ ಸಾಲಿನ ಕಂಬಗಳಲ್ಲಿ ಒಂದೂ ಬಿಳಿ ಬೇಡ, ಮೂರನೆಯ ಚೌಕವೇ ಅಲ್ಲಿನ ಹೊಳಪು.

ಕಂಬದ ಕೊಡೆಯಂತೆ ಚಾಚಿದ ಭಾಗದ ಅಡಿಬದಿಯನ್ನು ಎಲ್ಲರೂ ಕಪ್ಪಾಗಿ ತುಂಬುತ್ತಾರೆ. ಬೆಳಗಿನ ಹೊತ್ತು, ನೆಲದ ಮೇಲೆ ಬಿಸಿಲು ಇರುವಾಗ, ಅಲ್ಲಿ ನೋಡಿ. ನೆಲದಿಂದ ಎದ್ದ ಮಂದ ಬೆಳಕು ಆ ಅಡಿಬದಿಗೂ ಛಾವಣಿಯ ತೊಲೆಗಳ ತಳಕ್ಕೂ ತಾಗಿರುತ್ತದೆ, ತೊಲೆಗಳ ಮಗ್ಗುಲೇ ಹೆಚ್ಚು ಕಪ್ಪು. ಈ ಒಂದು ವಿವರ ಸರಿ ಬಂದರೆ ನವರಂಗದೊಳಗೆ ಗಾಳಿ ಆಡುತ್ತದೆ.

ಜಾಲಂಧ್ರ ಮತ್ತು ನೆಲ

ಒಳಗಿನಿಂದ ನೋಡುವಾಗ ಜಾಲಂಧ್ರದ ಕಲ್ಲಿನ ಅಡ್ಡಪಟ್ಟಿಗಳು ಬೆಳಕಿನ ಎದುರು ಕಪ್ಪಾಗಿ ನಿಲ್ಲುತ್ತವೆ ಎಂದು ಊಹಿಸಿ ಗಟ್ಟಿ ಕಪ್ಪು ಹಾಕಿದರೆ ಕಬ್ಬಿಣದ ಕಿಟಕಿಯಾಗುತ್ತದೆ. ಪ್ರಖರ ಬೆಳಕು ತನ್ನ ಪಕ್ಕದ ಕಪ್ಪನ್ನು ಕಣ್ಣಿನಲ್ಲಿ ತಿನ್ನುತ್ತದೆ. ಬೆಳಕಿನ ನಡುವಿನ ಪಟ್ಟಿ ಇರುವುದಕ್ಕಿಂತ ತೆಳುವಾಗಿ, ತಿಳಿಯಾಗಿ ಕಾಣುತ್ತದೆ. ಜಾಲಂಧ್ರದ ನಡುಭಾಗದ ಪಟ್ಟಿಗಳನ್ನು ನಾಲ್ಕನೆಯ ಮಟ್ಟದಲ್ಲಿ, ನಿಜಕ್ಕಿಂತ ಸ್ವಲ್ಪ ಸಣ್ಣಗೆ ಬರೆಯಿರಿ. ಅಂಚಿಗೆ ಹೋದಂತೆ ದಪ್ಪ ಮಾಡಿ ಆರಕ್ಕೆ ಏರಿಸಿ. ಕಲ್ಲಿನ ದಪ್ಪದ ಒಳಮೈಗೆ ತಾಗುವ ಬೆಳಕನ್ನು ಒಂದು ಪದರದಲ್ಲಿ ತೋರಿಸಿ. ಸುತ್ತಲಿನ ಗೋಡೆಯಲ್ಲಿ ಜಾಲಂಧ್ರಕ್ಕೆ ತಾಗಿದ 3–4 ಮಿ.ಮೀ.ಯಲ್ಲಿ ಒಂದು ಪದರ ಕಡಿಮೆ ಇರಲಿ, ಬೆಳಕು ಸೋರಿದಂತೆ ಕಾಣುತ್ತದೆ.

ನೆಲಕ್ಕೆ ಬಿದ್ದ ಬಿಸಿಲಿನ ಅಂಚು ಎಷ್ಟು ಚೂಪು ಎಂಬುದಕ್ಕೂ ಲೆಕ್ಕವಿದೆ. ಸೂರ್ಯ ನಮಗೆ ಸುಮಾರು ಅರ್ಧ ಡಿಗ್ರಿ ಅಗಲವಾಗಿ ಕಾಣುವುದರಿಂದ ನೆರಳಿನ ಅಂಚು ಅದನ್ನು ಉಂಟುಮಾಡುವ ವಸ್ತುವಿನಿಂದ ಇರುವ ದೂರದ ಸುಮಾರು 110ರಲ್ಲಿ ಒಂದು ಭಾಗದಷ್ಟು ಮಸುಕಾಗುತ್ತದೆ. ಒಂದು ಮೀಟರಿಗೆ 9 ಮಿ.ಮೀ., ಮೂರು ಮೀಟರಿಗೆ ಸುಮಾರು 27 ಮಿ.ಮೀ. ಚಿತ್ರ ನಿಜದ ಇಪ್ಪತ್ತರಲ್ಲಿ ಒಂದು ಭಾಗದ ಅಳತೆಯಲ್ಲಿದ್ದರೆ ಕಂಬದ ಬುಡದ ನೆರಳಿಗೆ ಕತ್ತಿಯಂಥ ಅಂಚು, ಮೂರು ಮೀಟರ್ ಆಚೆಯ ನೆರಳಿಗೆ ಸುಮಾರು 1.4 ಮಿ.ಮೀ.ನ ಮೆತ್ತನೆಯ ಅಂಚು. ಜಾಲಂಧ್ರದ ಸಣ್ಣ ತೂತಿನಿಂದ ದೂರಕ್ಕೆ ಬಿದ್ದ ಬಿಸಿಲು ಇದೇ ಕಾರಣಕ್ಕೆ ತೂತು ಚೌಕವಾಗಿದ್ದರೂ ಮೂಲೆಗಳನ್ನು ಕಳೆದುಕೊಂಡು ದುಂಡಗಾಗುತ್ತದೆ. ಅದನ್ನು ಚೌಕವಾಗಿ ಬರೆದರೆ ನೆಲಕ್ಕೆ ಟೈಲ್ಸ್ ಹಾಕಿದಂತೆ ಕಾಣುತ್ತದೆ.

ನೆಲದ ಗೆರೆಗಳು ಅಡ್ಡಡ್ಡವಾಗಿರಲಿ. ಬಾಗಿಲಿನಿಂದ ಒಳಕ್ಕೆ ಬಂದಂತೆ ಒಂದೊಂದೇ ಪದರ ಹೆಚ್ಚುತ್ತ ಹೋಗಲಿ. ನಡುವಿನ ದುಂಡು ಜಗಲಿಯ ಮೇಲ್ಮೈಯನ್ನು ಒಂದು ಮಟ್ಟ ತಿಳಿಯಾಗಿ, ಅದರ ಬದಿಯನ್ನು ಎರಡು ಮಟ್ಟ ಕಪ್ಪಾಗಿ ಹಿಡಿದರೆ ಸಾಕು, ಅದರ ಅಂಚಿಗೆ ಪ್ರತ್ಯೇಕ ಗೆರೆ ಬೇಕಿಲ್ಲ.

ಕತ್ತಲೆಯ ಎದುರು ಕತ್ತಲೆ

ಕಪ್ಪು ಕಂಬದ ಹಿಂದೆ ಕಪ್ಪು ಗೋಡೆ ಬಂದಾಗ ಕಂಬ ಕಾಣದೆ ಹೋಗುತ್ತದೆಂಬ ಭಯದಿಂದ ಅದರ ಸುತ್ತ ಬಿಳಿ ಅಂಚು ಬಿಡುವ ಅಭ್ಯಾಸ ಬಹಳ ಮಂದಿಗಿದೆ. ಅದು ಬೇಡ. ಕಂಬದ ಒಂದು ಬದಿ ಕಳೆದುಹೋಗಲಿ. ಇನ್ನೊಂದು ಬದಿ ಬೆಳಕಿನಲ್ಲಿ ಸಿಕ್ಕಿದ್ದರೆ ನೋಡುವ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ತೋರಿಸಲೇಬೇಕಾದಲ್ಲಿ ಗೆರೆಯ ದಿಕ್ಕನ್ನು ಬದಲಿಸಿ: ಕಂಬಕ್ಕೆ ಸುತ್ತುಗೆರೆ, ಹಿಂದಿನ ಗೋಡೆಗೆ ನೇರ ಇಳಿಗೆರೆ. ಎರಡೂ ಆರನೆಯ ಮಟ್ಟದಲ್ಲೇ ಇದ್ದರೂ ಬೇರೆ ಬೇರೆಯಾಗಿ ಕಾಣುತ್ತವೆ.

ಗಟ್ಟಿ ಕಪ್ಪು ಚಿತ್ರದ ಹತ್ತರಲ್ಲಿ ಒಂದು ಭಾಗ ಮೀರದಿರಲಿ, ಅದೂ ಬೆಳಕಿನ ಹತ್ತಿರ ಮತ್ತು ಮುಂದಿನ ವಸ್ತುಗಳಲ್ಲಿ. ಹಿಂದಿನ ಆಳದ ಕತ್ತಲೆ ನಾಲ್ಕು ಪದರದ ಗೆರೆಗಳಿಂದಲೇ ಆಗಬೇಕು. ಗೆರೆಗಳ ನಡುವೆ ಉಳಿದ ಸೂಜಿಮೊನೆಯ ಬಿಳಿಗಳಿಂದ ಕತ್ತಲೆಗೆ ಆಳ ಬರುತ್ತದೆ, ಅಲ್ಲಿ ಗಟ್ಟಿ ಕಪ್ಪು ತುಂಬಿದರೆ ಹಾಳೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಕೆಟ್ಟದ್ದನ್ನು ಸರಿಪಡಿಸುವುದು

ಚಿತ್ರ ಮಂಕಾಗಿದೆ ಎನಿಸಿದರೆ ಬಿಳಿ ಹೆಚ್ಚಿಸಲು ಹೊರಡಬೇಡಿ. ಬಹುಪಾಲು ಸಲ ಕೊರತೆ ಇರುವುದು ಕಪ್ಪಿನಲ್ಲಿ. ಮುಖ್ಯ ಬೆಳಕಿನ ಸುತ್ತ 1 ಸೆಂ.ಮೀ.ನಲ್ಲಿ 05 ಪೆನ್ನಿನಿಂದ ಒಂದು ಪದರ ಸೇರಿಸಿ ನೋಡಿ, ಮುಟ್ಟದ ಬಿಳಿಯೇ ಏರುತ್ತದೆ. ಚಿತ್ರ ಚದುರಿದಂತಿದ್ದರೆ ಮೊಬೈಲಿನಲ್ಲಿ ತೆಗೆದು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ, ಎಲ್ಲೆಲ್ಲಿ ಬಿಳಿ ಚುಕ್ಕೆಗಳು ಕಿರುಚುತ್ತವೆಯೋ ಅವುಗಳ ಮೇಲೆ ಒಂದು ಪದರ ಹಾಕಿ. ಕತ್ತಲೆ ಒಂದೇ ಹಲಗೆಯಂತಾಗಿದ್ದರೆ ಹಿಂದಿನ ಗೋಡೆಯನ್ನು ಇನ್ನು ಮುಟ್ಟದೆ ಮುಂದಿನ ಕಂಬದ ನೆರಳುಬದಿಯನ್ನು ಮಾತ್ರ ಏಳನೆಯ ಮಟ್ಟಕ್ಕೆ ಇಳಿಸಿ.

ಹೊಳಪಿನ ಪಟ್ಟಿಯೊಳಗೆ ಗೆರೆ ನುಗ್ಗಿದ್ದರೆ, ಮಸಿ ಒಂದು ದಿನ ಒಣಗಿದ ಮೇಲೆ, ಚೂಪಾದ ಹೊಸ ಬ್ಲೇಡನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು ಹಗುರವಾಗಿ ಕೆರೆಯಿರಿ, ಆಮೇಲೆ ಚಮಚದ ಬೆನ್ನಿನಿಂದ ತಿಕ್ಕಿ ನಾರನ್ನು ಕೂರಿಸಿ. ದಪ್ಪ ಬ್ರಿಸ್ಟಲ್ಲಿನಲ್ಲಿ ಇದು ನಡೆಯುತ್ತದೆ, ತೆಳು ಕಾಗದದಲ್ಲಿ ತೂತಾಗುತ್ತದೆ. ಕೆರೆದ ಜಾಗದ ಮೇಲೆ ಮತ್ತೆ ಪೆನ್ನು ಓಡಿಸಬೇಡಿ, ಮಸಿ ಹರಡುತ್ತದೆ. ಬಿಳಿ ಜೆಲ್ ಪೆನ್ನನ್ನು ಒಂದೆರಡು ಚುಕ್ಕೆಗೆ ಬಳಸಬಹುದು, ಆದರೆ ಅದರ ಬಿಳಿ ಕಾಗದದ ಬಿಳಿಗಿಂತ ತಣ್ಣಗೆ, ಉಬ್ಬಿ ಕಾಣುವುದರಿಂದ ದೊಡ್ಡ ಜಾಗಕ್ಕೆ ಒಗ್ಗುವುದಿಲ್ಲ.

ಪೆನ್ಸಿಲ್ ಅಳಿಸುವುದು ಕೊನೆಗೆ, ಮೆತ್ತನೆಯ ಹಿಟ್ಟಿನಂಥ ರಬ್ಬರಿನಿಂದ, ಉಜ್ಜದೆ ಒತ್ತಿ ಎತ್ತಿ. ಎಷ್ಟೇ ಜೋಪಾನ ಮಾಡಿದರೂ ರಬ್ಬರು ಮೇಲ್ಪದರದ ಮಸಿಯನ್ನು ಸ್ವಲ್ಪ ಕದಿಯುತ್ತದೆ. ಕಡುಕಪ್ಪುಗಳು ಬೂದಿ ಮೆತ್ತಿದಂತಾಗಿರುತ್ತವೆ. ಅವುಗಳ ಮೇಲೆ ಬ್ರಷ್ ಪೆನ್ನಿನಿಂದ ಇನ್ನೊಮ್ಮೆ ಹೋಗಿ. ಒಣಗಿದ ಮೇಲೆ ಏಳು ಚೌಕಗಳ ಪಟ್ಟಿಯನ್ನು ಚಿತ್ರದ ಮಗ್ಗುಲಿಗಿಟ್ಟು ಒಂದರಿಂದ ಏಳರವರೆಗೆ ಪ್ರತಿ ಮಟ್ಟವೂ ಎಲ್ಲಿದೆ ಎಂದು ಹುಡುಕಿ. ಎರಡು ಮತ್ತು ಮೂರು ಹೆಚ್ಚಾಗಿ, ಆರು ಕಡಿಮೆಯಾಗಿ ಕಂಡರೆ ಮೂಲೆಗಳಿಗೆ ಇನ್ನೊಂದು ಪದರದ ಕೆಲಸ ಬಾಕಿ ಇದೆ.

ಸ್ಕ್ಯಾನ್ ಮಾಡುವವರು 600 ಡಿಪಿಐ, ಗ್ರೇಸ್ಕೇಲ್ ಇಟ್ಟುಕೊಳ್ಳಿ. 300ಕ್ಕೆ ಇಳಿಸಿದರೆ ಅರ್ಧ ಮಿ.ಮೀ. ಅಂತರದ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತಾಗಿ, ಚಿಕ್ಕದು ಮಾಡಿದಾಗ ಅಲೆಪಟ್ಟೆಗಳು ಏಳಬಹುದು. ಮೂಲ ಹಾಳೆಯ ಮೇಲೆ ಬಟರ್ ಪೇಪರ್ ಹೊದಿಸಿ ಚಪ್ಪಟೆಯಾಗಿಡಿ. ಸುತ್ತಿಟ್ಟರೆ ಬ್ರಷ್ಷಿನಿಂದ ದಪ್ಪವಾಗಿ ತುಂಬಿದ ಕಪ್ಪು ಬಿರುಕು ಬಿಡುತ್ತದೆ.